ಕಾಯಿ ಕಳಿಸುವವರು, ಹಣ್ಣಿಗೆ ಕಾಯುವವರು

ಪಾರ್ಸೆಲ್ ಕೈಸೇರಿ ಅರ್ಧ ಗಂಟೆಯೂ ಆಗಿರುವುದಿಲ್ಲ, ಬೆಂಗಳೂರಿನಿಂದ ಫೋನ್ ಬರುತ್ತದೆ.

‘ಏನ್ ಸಾರ್, ಬಟರ್‌ಫ್ರೂಟ್ ಅಂತ ದುಡ್ಡು ಹಾಕಿಸ್ಕೊಂಡು ಬರೀ ಕಾಯಿ ಕಳಿಸಿದ್ದೀರಲ್ಲಾ? ಒಂದೊಂದೂ ಕಲ್ಲಿದ್ದ ಹಾಗಿದೆ.’

‘ಕಾಯಿನೇ ಕಳಿಸೋದು ಮೇಡಂ. ಒಂದು ವಾರ ಹೊರಗಿಡಿ, ಹಣ್ಣಾಗುತ್ತೆ. ಫ್ರಿಜ್ಜಿಗೆ ಮಾತ್ರ ಈಗಲೇ ಹಾಕ್ಬೇಡಿ.’

ಕೊಡಗಿನ ತೋಟದ ಮನೆಯ ಜಗಲಿಯಲ್ಲಿ ಕುಳಿತು ಮುಂದಿನ ಪೆಟ್ಟಿಗೆಗೆ ಟೇಪು ಸುತ್ತುತ್ತಿರುವವರಿಗೆ ಈ ಉತ್ತರ ಬಾಯಿಪಾಠ. ಹೊಸ ಗಿರಾಕಿ ಎಂದಮೇಲೆ ಈ ಫೋನ್ ಬಂದೇ ಬರುತ್ತದೆ. ಹಳಬರು ಮಾತ್ರ ವಾರ ಕಳೆದ ಮೇಲೆ, ಸೀಳಿದ ಹಣ್ಣಿನ ಫೋಟೊ ಸಮೇತ ವಾಟ್ಸ್ಆ್ಯಪ್ ಮಾಡುತ್ತಾರೆ. ಅದರಲ್ಲಿ ಹೊಗಳಿಕೆ ಇರಬಹುದು, ‘ಇದರೊಳಗೆ ನಾರು ಯಾಕೆ ಬಂತು?’ ಎಂಬ ತಕರಾರೂ ಇರಬಹುದು.

ಬೆಳೆದವರೇ ಮಾರುವುದು ನಮ್ಮಲ್ಲಿ ಹೊಸತೇನಲ್ಲ. ಮಾವಿನ ಕಾಲದಲ್ಲಿ ಹೆದ್ದಾರಿ ಬದಿಯ ಗುಡಾರಗಳನ್ನು ನೋಡುತ್ತಲೇ ಬಂದಿದ್ದೇವೆ. ಬೆಂಗಳೂರಿನವರಿಗೆ ಮನೆಮಾತಾದ ಹಾಪ್‌ಕಾಮ್ಸ್ ಕೂಡ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದೇ. ಆದರೆ ಮಾವು, ದ್ರಾಕ್ಷಿಗಳಿಗೆ ಇಲ್ಲದ ಒಂದು ತೊಡಕು ಬೆಣ್ಣೆಹಣ್ಣಿಗಿದೆ. ಕೊಳ್ಳುವವರು ದುಡ್ಡು ಕೊಡುವ ದಿನ ಅದನ್ನು ತಿನ್ನಲಾಗುವುದಿಲ್ಲ. ತಿನ್ನುವ ದಿನ ಬಂದಾಗ ಮಾರಿದವರು ಎದುರಿಗಿರುವುದಿಲ್ಲ. ನಡುವಿನ ಏಳೆಂಟು ದಿನ ಕಾಯಿ ಯಾರ ಜವಾಬ್ದಾರಿ? ತೋಟದಿಂದ ನೇರವಾಗಿ ಮಾರುವ ಕುಟುಂಬಗಳ ವ್ಯಾಪಾರ ನಿಂತಿರುವುದೇ ಈ ಪ್ರಶ್ನೆಯ ಮೇಲೆ.

ಹಿಂದೆ ಆ ದಿನಗಳು ದಲ್ಲಾಳಿಯವು. ಅವನ ಕಮಿಷನ್ನು, ತೂಕದಲ್ಲಿ ಮುರಿದುಕೊಳ್ಳುವ ಸೂಟು, ‘ಈ ಸಲ ಮಾರ್ಕೆಟ್ ಡೌನು’ ಎಂಬ ಹಾಡು ಎಲ್ಲವನ್ನೂ ಬೈಯುವುದು ಸುಲಭ, ಬೈಯಬೇಕಾದದ್ದೂ ಬಹಳವಿದೆ. ಆದರೂ ಅವನು ಒಂದಷ್ಟು ಕೆಲಸ ಮಾಡುತ್ತಿದ್ದ. ಕಾಯಿ ಆರಿಸುತ್ತಿದ್ದ, ಸಾಗಿಸುತ್ತಿದ್ದ, ಮಾಗಿಸುತ್ತಿದ್ದ. ಕೊಳೆತದ್ದನ್ನು ಬಿಸಾಡಿ ನಷ್ಟ ತಾನೇ ನುಂಗುತ್ತಿದ್ದ, ಅಂಗಡಿಯವರಿಗೆ ಸಾಲ ಕೊಡುತ್ತಿದ್ದ, ಗಿರಾಕಿಯ ಬೈಗುಳ ಕೇಳುತ್ತಿದ್ದ. ನೇರ ಮಾರಾಟಕ್ಕಿಳಿದ ಕುಟುಂಬ ದಲ್ಲಾಳಿಯನ್ನು ಬಿಡಬಹುದು, ಅವನು ಮಾಡುತ್ತಿದ್ದ ಕೆಲಸವನ್ನು ಬಿಡಲಾಗದು. ಅದು ಸೀದಾ ಜಗಲಿಗೆ ಬಂದು ಕೂರುತ್ತದೆ. ಮೊದಲ ವರ್ಷದ ಉತ್ಸಾಹ ಎರಡನೇ ವರ್ಷಕ್ಕೆ ಇಳಿಯುವುದು ಬಹುತೇಕ ಈ ಲೆಕ್ಕ ಮೊದಲೇ ಹಾಕದ್ದರಿಂದ.

ಕೊಡಗಿನಲ್ಲಿ ಬೆಣ್ಣೆಹಣ್ಣು ಮೊದಲಿನಿಂದ ‘ಬೆಳೆ’ ಆಗಿರಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಶ್ರೀಲಂಕಾದ ಕಡೆಯಿಂದ ಭಾರತಕ್ಕೆ ಬಂದ ಈ ಮರ ಕಾಫಿ ತೋಟದ ಅಂಚಿನಲ್ಲಿ, ಮನೆಯ ಹಿಂದೆ, ಸಿಲ್ವರ್ ಓಕ್ ಮತ್ತು ಕಿತ್ತಳೆಗಳ ನಡುವೆ ಒಂದೊಂದಾಗಿ ನಿಂತಿತ್ತು. ಕಾಫಿ, ಕಾಳುಮೆಣಸಿನ ಲೆಕ್ಕ ಬರೆಯುವ ಪುಸ್ತಕದಲ್ಲಿ ಅದಕ್ಕೆ ಪುಟವಿರಲಿಲ್ಲ. ನೆಂಟರಿಗೆ ಚೀಲ ತುಂಬಿ ಕೊಟ್ಟು ಉಳಿದದ್ದು ಬುಡದಲ್ಲೇ ಕೊಳೆಯುತ್ತಿತ್ತು. ಪೇಟೆಯಲ್ಲಿ ಆವಕಾಡೊ ಎಂಬ ಹೆಸರಿನಲ್ಲಿ ಟೋಸ್ಟಿನ ಮೇಲೆ ಹತ್ತಿ ಕುಳಿತ ಮೇಲೆ ತೋಟದವರೂ ಆ ಮರಗಳತ್ತ ಕತ್ತೆತ್ತಿ ನೋಡಿದರು. (ನನ್ನ ಮಟ್ಟಿಗೆ ಹಾಲು, ಸಕ್ಕರೆ ಹಾಕಿ ರುಬ್ಬಿದ ಬಟರ್‌ಫ್ರೂಟ್ ಜ್ಯೂಸಿನ ಮುಂದೆ ಆ ಟೋಸ್ಟು ಸಪ್ಪೆಯೇ. ಇರಲಿ.)

ಜಗಲಿಗೆ ಬಂದು ಕೂತ ಆ ಕೆಲಸಗಳನ್ನು ಕೊಯ್ಲಿನಿಂದಲೇ ಶುರು ಮಾಡಿ ನೋಡೋಣ. ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗುವುದಿಲ್ಲ. ಬಲಿಯುತ್ತದೆ, ಅಷ್ಟೇ. ಕೊಂಬೆಯ ಸಂಪರ್ಕ ಇರುವವರೆಗೆ ಗಟ್ಟಿಯಾಗಿಯೇ ಇದ್ದು, ಕಿತ್ತ ಮೇಲೆ ಆರರಿಂದ ಹತ್ತು ದಿನಗಳಲ್ಲಿ ಮೆತ್ತಗಾಗುತ್ತದೆ. ಒಂದು ರೀತಿಯಲ್ಲಿ ಇದು ವರ. ಆರ್ಡರ್ ಬಂದಷ್ಟೇ ಕೀಳಬಹುದು, ಮರವೇ ಗೋದಾಮು. ಆದರೆ ಈ ಗೋದಾಮಿಗೂ ಅವಧಿಯಿದೆ. ಮೆಕ್ಸಿಕೊ, ಗ್ವಾಟೆಮಾಲಾ ಬೆಟ್ಟಗಳ ಮೂಲದ ತಳಿಗಳು ಬಲಿತ ಮೇಲೂ ತಿಂಗಳುಗಟ್ಟಲೆ ಮರದಲ್ಲಿ ನಿಲ್ಲುತ್ತವೆ. ವೆಸ್ಟ್ ಇಂಡಿಯನ್ ಎಂದು ಕರೆಯುವ ತಗ್ಗುನಾಡಿನ ತಳಿಗಳು ಬಲಿತ ಕೆಲವು ವಾರಗಳಲ್ಲೇ ಉದುರತೊಡಗುತ್ತವೆ. ನಮ್ಮ ಕಡೆಯ ದೊಡ್ಡ ಗಾತ್ರದ, ನುಣುಪು ಸಿಪ್ಪೆಯ, ಕೊಂಚ ನೀರು ಹೆಚ್ಚಿರುವ ಕಾಯಿಗಳಲ್ಲಿ ಈ ಎರಡನೇ ಗುಂಪಿನ ರಕ್ತ ಜಾಸ್ತಿ. ಅದರ ಮೇಲೆ ಮುಂಗಾರಿನ ಗಾಳಿ ಬೇರೆ.

ಬಲಿತಿದೆಯೋ ಇಲ್ಲವೋ ಎಂದು ಹೇಳುವುದು ಹೊರಗಿನಿಂದ ಕಷ್ಟ. ಎಳೆಯದನ್ನು ಕಿತ್ತರೂ ಅದು ಮೆತ್ತಗಾಗುತ್ತದೆ, ಆದರೆ ರಬ್ಬರಿನಂತೆ. ಸಿಪ್ಪೆ ಸುಕ್ಕುಗಟ್ಟಿ, ಒಳಗೆ ರುಚಿಯೇ ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ತಿರುಳಿನ ಒಣ ಅಂಶ ಅಳೆಯುತ್ತಾರೆ. ಹಾಸ್ ತಳಿಗೆ ಅದು ಕನಿಷ್ಠ ಶೇಕಡ 20.8 ಇದ್ದರೇ ಮಾರಾಟಕ್ಕೆ ಅನುಮತಿ. ನಮ್ಮ ತೋಟಗಳಲ್ಲಿ ಮರಕ್ಕೊಂದು ಕಾಯಿ ಬಲಿ ಕೊಡುತ್ತಾರೆ. ಉದ್ದಕ್ಕೆ ಸೀಳಿ ಬೀಜದ ಹೊದಿಕೆ ನೋಡುತ್ತಾರೆ. ಅದು ಬೆಳ್ಳಗೆ, ಹಳದಿ ಮಿಶ್ರವಾಗಿ, ದಪ್ಪಗೆ ಅಂಟಿಕೊಂಡಿದ್ದರೆ ಇನ್ನೂ ಕಾಯಬೇಕು. ಕಂದು ತಿರುಗಿ ಕಾಗದದಂತೆ ತೆಳುವಾಗಿದ್ದರೆ ಆ ಮರಕ್ಕೆ ದೋಟಿ ಹಾಕಬಹುದು. ಪಕ್ಕದ ಮರಕ್ಕೆ ಈ ತೀರ್ಪು ಅನ್ವಯಿಸುವುದಿಲ್ಲ, ಅದರದ್ದೇ ಬೇರೆ ಕಾಯಿ ಸೀಳಬೇಕು.

ದೋಟಿಯ ತುದಿಗೆ ಕತ್ತಿಯೂ ಬಲೆಚೀಲವೂ ಇರುತ್ತವೆ. ಕಾಯಿ ನೆಲಕ್ಕೆ ಬೀಳಕೂಡದು, ತೊಟ್ಟು ಕಿತ್ತು ಬರಲೂ ಕೂಡದು. ತೊಟ್ಟು ಕಳಚಿದ ಕಡೆ ಉಳಿಯುವ ಸಣ್ಣ ಗುಳಿಯಿಂದಲೇ ಬೂಸ್ಟು ಒಳಗಿಳಿಯುತ್ತದೆ. ವಾರದ ನಂತರ ಗಿರಾಕಿ ಸೀಳಿದಾಗ ಮೇಲ್ಭಾಗವಷ್ಟೇ ಕಪ್ಪಾಗಿರುವ ಹಣ್ಣು ಬಹಳ ಸಲ ಹೀಗೆ ಕೆಟ್ಟದ್ದು. ಬಿದ್ದ ಪೆಟ್ಟು ಕೂಡ ಅಂದೇ ಕಾಣುವುದಿಲ್ಲ. ಕಾಯಿಯಾಗಿದ್ದಾಗ ನುಂಗಿಕೊಂಡ ಏಟನ್ನು ಹಣ್ಣಾದ ಮೇಲೆ ಬೂದುಬಣ್ಣದ ಮಚ್ಚೆಯಾಗಿ ತೋರಿಸುತ್ತದೆ. ಸುಂಟಿಕೊಪ್ಪದ ಕಡೆಯ ತೋಟವೊಂದರಲ್ಲಿ ನಾನು ನೋಡಿದ ಕ್ರಮ ಹೀಗಿತ್ತು. ಮಳೆ ಬಿಟ್ಟ ಹೊತ್ತಿನಲ್ಲಿ ಕೊಯ್ದ ಕಾಯಿಗಳನ್ನು ಜಗಲಿಯಲ್ಲಿ ಗೋಣಿ ಹಾಸಿ ಸಾಲಾಗಿ ಹರಡುತ್ತಾರೆ, ರಾಶಿ ಹಾಕುವುದಿಲ್ಲ. ಮನೆಯೊಡತಿ ಸಣ್ಣ ಕತ್ತರಿಯಿಂದ ಪ್ರತಿ ತೊಟ್ಟನ್ನೂ ಮೊಳೆಯಷ್ಟು ಬಿಟ್ಟು ಮೊಟಕು ಮಾಡುತ್ತಾರೆ, ಉದ್ದವಿದ್ದರೆ ಪಕ್ಕದ ಕಾಯಿಗೆ ಚುಚ್ಚುತ್ತದೆ. ಮಗಳು ಒಣಬಟ್ಟೆಯಲ್ಲಿ ಒರೆಸಿ ಗಾತ್ರ ನೋಡಿ ಬೇರೆ ಮಾಡುತ್ತಾಳೆ. ಒಂದು ರಾತ್ರಿ ಹಾಗೇ ಆರಿದ ಮೇಲೆಯೇ ಪೆಟ್ಟಿಗೆ. ಒದ್ದೆ ಕಾಯಿಯನ್ನು ಪೆಟ್ಟಿಗೆಗಿಟ್ಟರೆ ರಟ್ಟು ಮೆತ್ತಗಾಗಿ ಬಸ್ಸಿನಲ್ಲೇ ತಳ ಕಳಚುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದೇ ಜಗಲಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕಾಯಿಗಳ ಮೇಲೆ ಪೆನ್ನಿನಲ್ಲಿ ಬರೆದ ಅಂಕಿಗಳು. ಬೆಲೆಯೂ ಅಲ್ಲ, ತೂಕವೂ ಅಲ್ಲ. ಮರದ ನಂಬರು. ತೋಟದೊಳಗೆ ಹೋದರೆ ಪ್ರತಿ ಬುಡದಲ್ಲೂ ಬಿಳಿ ಪೇಂಟಿನಲ್ಲಿ ಅದೇ ಅಂಕಿ.

ಇದರ ಹಿಂದಿನ ಕಾರಣ ಹೂವಿನಲ್ಲಿದೆ. ಬೆಣ್ಣೆಹಣ್ಣಿನ ಪ್ರತಿ ಹೂವು ಎರಡು ಸಲ ಅರಳುತ್ತದೆ. ಮೊದಲ ಸಲ ಹೆಣ್ಣಾಗಿ, ಮುಚ್ಚಿಕೊಂಡು ಮರುದಿನ ಗಂಡಾಗಿ. ಕೆಲವು ಮರಗಳ ಹೂವು ಬೆಳಿಗ್ಗೆ ಹೆಣ್ಣು, ಮರುದಿನ ಮಧ್ಯಾಹ್ನ ಗಂಡು. ಇನ್ನು ಕೆಲವು ಮಧ್ಯಾಹ್ನ ಹೆಣ್ಣು, ಮರುದಿನ ಬೆಳಿಗ್ಗೆ ಗಂಡು. ಒಂದೇ ಮರದ ಹೂಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಹೀಗೆ ನಡೆದುಕೊಳ್ಳುವುದರಿಂದ, ಎರಡೂ ಬಗೆಯ ಮರಗಳು ಹತ್ತಿರವಿದ್ದು ಜೇನು ಓಡಾಡಿಕೊಂಡಿದ್ದರೆ ಫಸಲು ಚೆನ್ನ. ಈ ವಿಚಿತ್ರ ವೇಳಾಪಟ್ಟಿಯನ್ನು ಮೊದಲು ವಿವರವಾಗಿ ಬರೆದವರಲ್ಲಿ ಬಿ.ಎಸ್. ನಿರೋಡಿ ಒಬ್ಬರು. 1922ರಲ್ಲಿ ಕ್ಯಾಲಿಫೋರ್ನಿಯಾದ ಬೆಳೆಗಾರರ ಸಂಘದ ವಾರ್ಷಿಕ ವರದಿಯಲ್ಲಿ ಅವರ ಲೇಖನ ಅಚ್ಚಾಯಿತು. ಅಡ್ಡಹೆಸರು ನೋಡಿದರೆ ನಮ್ಮ ಕರಾವಳಿಯ ಓದುಗರ ಕಿವಿ ನೆಟ್ಟಗಾದೀತು. ಇಷ್ಟೆಲ್ಲ ಏರ್ಪಾಡಾದರೂ ಸಾವಿರ ಹೂವಿಗೆ ಒಂದು ಕಾಯಿ ನಿಂತರೆ ಹೆಚ್ಚು.

ಮರಮರಗಳ ನಡುವಿನ ಈ ಪರಾಗಸ್ಪರ್ಶದ ಪರಿಣಾಮ ಏನೆಂದರೆ, ಬೀಜದಿಂದ ಹುಟ್ಟಿದ ಗಿಡ ತಾಯಿಯಂತಿರುವುದಿಲ್ಲ. ಕೊಡಗಿನ ಹಳೆಯ ಮರಗಳು ಬಹುಪಾಲು ಬೀಜದ ಮರಗಳೇ. ಒಂದರ ಹಣ್ಣು ಬೆಣ್ಣೆ, ಅದರ ಪಕ್ಕದ್ದು ನೀರು, ಮೂರನೆಯದರಲ್ಲಿ ಬರೀ ನಾರು, ನಾಲ್ಕನೆಯದರಲ್ಲಿ ಬೀಜವೇ ಮುಕ್ಕಾಲು. ಹೊರಗೆ ನೋಡಿದರೆ ನಾಲ್ಕೂ ಹಸಿರು. ಮಂಡಿಯಲ್ಲಿ ನಾಲ್ಕೂ ಒಂದೇ ಕ್ರೇಟಿಗೆ ಬಿದ್ದು ಒಂದೇ ದರಕ್ಕೆ ಹೋಗುತ್ತವೆ. ಜ್ಯೂಸ್ ಅಂಗಡಿಯಲ್ಲಿ ಎಲ್ಲವೂ ಒಂದೇ ಜಾರಿಗೆ. ನಾರಿನ ಮರ ಯಾವುದೆಂದು ಬೆಳೆದವರಿಗೆ ತಿಳಿಯುವ ದಾರಿಯೇ ಇರಲಿಲ್ಲ, ತಿಳಿಯಬೇಕಾದ ಕಾರಣವೂ ಇರಲಿಲ್ಲ.

ನಂಬರು ಬರೆದ ಕಾಯಿ ಬೆಂಗಳೂರಿಗೆ ಹೋದಾಗ ಹೀಗಾಗುವುದಿಲ್ಲ. ‘ಹದಿನಾಲ್ಕನೇ ನಂಬರಿನದು ನಾರು, ಇಪ್ಪತ್ತೆರಡು ಇದ್ದರೆ ಮುಂದಿನ ವಾರ ಇನ್ನೊಂದು ಪೆಟ್ಟಿಗೆ’ ಎಂದು ಸಂದೇಶ ಬರುತ್ತದೆ. ಮಗಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ನೇರ ಮಾರಾಟದ ಲಾಭ ಎಂದಾಗ ಎಲ್ಲರೂ ಕಿಲೊಗೆ ಎಷ್ಟು ಹೆಚ್ಚು ಸಿಕ್ಕಿತು ಎಂದು ಕೇಳುತ್ತಾರೆ. ನನಗೆ ಆ ನೋಟ್‌ಬುಕ್ಕೇ ದೊಡ್ಡ ಲಾಭವಾಗಿ ಕಂಡಿತು. ಹಣ್ಣಿನ ರುಚಿಯ ಸುದ್ದಿ ವಾಪಸು ಮರದ ಬುಡಕ್ಕೆ ಬರುವುದು ಹಳೆಯ ವ್ಯವಸ್ಥೆಯಲ್ಲಿ ಸಾಧ್ಯವೇ ಇರಲಿಲ್ಲ.

ಇವತ್ತು ಜಗತ್ತನ್ನೇ ಆಳುತ್ತಿರುವ ಹಾಸ್ ತಳಿ ಬೆಳಕಿಗೆ ಬಂದದ್ದೂ ಇಂಥದ್ದೇ ಸಣ್ಣ ಮನೆವ್ಯಾಪಾರದಿಂದ. 1920ರ ದಶಕದಲ್ಲಿ ರುಡಾಲ್ಫ್ ಹಾಸ್ ಎಂಬ ಅಂಚೆ ನೌಕರ ಕ್ಯಾಲಿಫೋರ್ನಿಯಾದ ಲಾ ಹಾಬ್ರಾ ಹೈಟ್ಸ್‌ನಲ್ಲಿ ಒಂದೂವರೆ ಎಕರೆ ಜಾಗ ಕೊಂಡ. ಬೀಜ ಹಾಕಿ ಸಸಿ ಎಬ್ಬಿಸಿ, ಅದರ ಮೇಲೆ ಆ ಕಾಲದ ಜನಪ್ರಿಯ ಫ್ಯೂರ್ಟೆ ತಳಿಯನ್ನು ಕಸಿ ಕಟ್ಟಿಸಿದ. ಒಂದು ಗಿಡದಲ್ಲಿ ಮಾತ್ರ ಕಸಿ ಮತ್ತೆ ಮತ್ತೆ ಸತ್ತಿತು. ಕಿತ್ತು ಹಾಕೋಣವೆಂದರೆ ಕಸಿ ಕಟ್ಟುವವನು, ಗಿಡ ಗಟ್ಟಿಮುಟ್ಟಾಗಿದೆ, ಅದರ ಪಾಡಿಗೆ ಬಿಡಿ ಎಂದ. ಬಿಟ್ಟರು. ಕಾಯಿ ಬಂದಾಗ ನೋಡಿದರೆ ಸಿಪ್ಪೆ ದಪ್ಪ, ಒರಟು, ಮಾಗಿದರೆ ಕಪ್ಪು. ಹಸಿರು ನುಣುಪು ಸಿಪ್ಪೆಗೆ ಒಗ್ಗಿಕೊಂಡಿದ್ದ ಪೇಟೆಗೆ ಅದು ಕುರೂಪಿ. ಆದರೆ ತಿಂದವರು ಬಿಡಲಿಲ್ಲ. ಮನೆಯಲ್ಲಿ ತಿಂದು ಮಿಕ್ಕದ್ದನ್ನು ಹಾಸ್ ಪಸಡೀನಾದ ಅಂಚೆ ಕಚೇರಿಯ ಸಹೋದ್ಯೋಗಿಗಳಿಗೆ ಮಾರುತ್ತಿದ್ದ. ಊರಿನ ಒಂದು ದಿನಸಿ ಅಂಗಡಿಯಲ್ಲಿ, ಸಿರಿವಂತರ ಮನೆಯ ಅಡುಗೆಯವರು ಹಣ್ಣೊಂದಕ್ಕೆ ಒಂದು ಡಾಲರು ಕೊಟ್ಟು ಒಯ್ಯುತ್ತಿದ್ದರಂತೆ. ಆ ಕಾಲಕ್ಕೆ ಅದು ದೊಡ್ಡ ಮೊತ್ತ.

1935ರಲ್ಲಿ ಹಾಸ್ ಮರಕ್ಕೆ ಪೇಟೆಂಟ್ ಪಡೆದ. ಅದರಿಂದ ಶ್ರೀಮಂತನಾದನೇ ಎಂದರೆ ಇಲ್ಲ. ಬೆಳೆಗಾರರು ಒಂದು ಗಿಡ ಕೊಂಡು ಅದರ ಕಡ್ಡಿಯಿಂದಲೇ ಇಡೀ ತೋಟಕ್ಕೆ ಕಸಿ ಕಟ್ಟಿಕೊಂಡರು. ಪೇಟೆಂಟಿನಿಂದ ಅವನಿಗೆ ಬಂದದ್ದು ಒಟ್ಟು ಐದು ಸಾವಿರ ಡಾಲರಿನ ಆಸುಪಾಸು. 1952ರಲ್ಲಿ ಅವನು ತೀರಿಕೊಂಡ. ಮರ 2002ರವರೆಗೆ ಬದುಕಿ ಬೇರು ಕೊಳೆತು ಸತ್ತಿತು. ಆ ರೋಗ ತರುವ ಜೀವಿಯ ಹೆಸರು ಫೈಟೋಫ್ಥೊರಾ. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ ಕಂಡ ಮಲೆನಾಡಿಗರಿಗೆ ಇದರ ದಾಯಾದಿಗಳ ಪರಿಚಯ ಚೆನ್ನಾಗಿದೆ. ಬುಡದಲ್ಲಿ ನೀರು ನಿಂತರೆ ಬೆಣ್ಣೆಹಣ್ಣಿನ ಮರ ಉಳಿಯುವುದಿಲ್ಲ. ಗದ್ದೆ ಬಯಲಿನಲ್ಲಿ ಇದನ್ನು ನೆಡಲು ಹೊರಟವರು ಮೊದಲು ಈ ಮಾತು ಕೇಳಿಸಿಕೊಳ್ಳುವುದು ಒಳ್ಳೆಯದು.

ಟಾಂಜಾನಿಯಾ, ಪೆರು, ನ್ಯೂಜಿಲೆಂಡಿನಿಂದ ಬಂದು ನಮ್ಮ ಸೂಪರ್‌ಮಾರ್ಕೆಟ್ಟುಗಳಲ್ಲಿ ಸ್ಟಿಕ್ಕರ್ ಅಂಟಿಸಿಕೊಂಡು ಕೂರುವ ಹಣ್ಣು ಬಹುತೇಕ ಈ ಹಾಸ್. ಅದಕ್ಕೆ ಎರಡು ಅನುಕೂಲ. ದಪ್ಪ ಸಿಪ್ಪೆ ಹಡಗಿನ ಪ್ರಯಾಣ ತಡೆಯುತ್ತದೆ, ಬಣ್ಣ ಬದಲಾಗುವುದರಿಂದ ಹಣ್ಣಾಯಿತೋ ಇಲ್ಲವೋ ಎಂದು ಮಕ್ಕಳೂ ಹೇಳಬಹುದು. ಕೊಡಗಿನ ಹಸಿರು ಕಾಯಿ ಹಣ್ಣಾದ ಮೇಲೂ ಹೆಚ್ಚುಕಡಿಮೆ ಹಸಿರಾಗಿಯೇ ಇರುತ್ತದೆ. ಕಣ್ಣಿಗೆ ಗೊತ್ತಾಗದು, ಬೆರಳಿಗೇ ಗೊತ್ತಾಗಬೇಕು. ಹಾಗಾಗಿ ಪೆಟ್ಟಿಗೆಯೊಳಗೆ ಒಂದು ಚೀಟಿ ಇಡುತ್ತಾರೆ. ಹೊಟ್ಟೆಯನ್ನು ಅಮುಕಬೇಡಿ, ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿ ನೋಡಿ. ಅವಸರವಿದ್ದರೆ ಒಂದೆರಡನ್ನು ಮಾಗಿದ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲೋ ಅಕ್ಕಿ ಡಬ್ಬದಲ್ಲೋ ಹುದುಗಿಸಿ. ಎಲ್ಲವನ್ನೂ ಒಟ್ಟಿಗೆ ಹಾಗೆ ಮಾಡಿದರೆ ಎಲ್ಲವೂ ಒಂದೇ ದಿನ ಹಣ್ಣಾಗಿ ಕುಳಿತುಕೊಳ್ಳುತ್ತವೆ. ಮೆತ್ತಗಾದ ಮೇಲೆ ಫ್ರಿಜ್ಜಿಗಿಟ್ಟರೆ ಇನ್ನೆರಡು ಮೂರು ದಿನ ತಡೆಯುತ್ತದೆ. ಗಟ್ಟಿ ಇದ್ದಾಗಲೇ ಇಟ್ಟರೆ ಚಳಿಗೆ ಒಳಗೇ ಕಪ್ಪಾಗುತ್ತದೆ, ಆಮೇಲೆ ಹೊರಗೆ ತೆಗೆದರೂ ಸರಿಯಾಗಿ ಮಾಗುವುದಿಲ್ಲ.

ಬಾಳೆಹಣ್ಣಿನ ಉಪಾಯದ ಹಿಂದಿರುವುದು ಎಥಿಲೀನ್ ಎಂಬ ಅನಿಲ, ಹಣ್ಣುಗಳು ತಾವೇ ಹೊರಬಿಡುವಂಥದ್ದು. ದೊಡ್ಡ ವ್ಯಾಪಾರಿಗಳು ಮಾಗಿಸುವ ಕೋಣೆಗಳಲ್ಲಿ ಬಳಸುವುದೂ ಇದನ್ನೇ. ನಮ್ಮ ಆಹಾರ ಸುರಕ್ಷತಾ ನಿಯಮ ಇದಕ್ಕೆ 100 ಪಿಪಿಎಂವರೆಗೆ ಅನುಮತಿ ಕೊಡುತ್ತದೆ, ಕಾರ್ಬೈಡನ್ನು ಪೂರ್ತಿ ನಿಷೇಧಿಸಿದೆ. ತೋಟದ ಮನೆಯವರು ಮಾಗಿಸುವ ಕೆಲಸವನ್ನು ಗಿರಾಕಿಯ ಅಡುಗೆಮನೆಗೆ ವಹಿಸಿ ಈ ತಲೆನೋವಿನಿಂದ ಪಾರಾಗಿದ್ದಾರೆ. ದಲ್ಲಾಳಿಯ ಕೆಲಸಗಳ ಪಟ್ಟಿಯಲ್ಲಿ ಬೇರೆಯವರಿಗೆ ದಾಟಿಸಲು ಆದದ್ದು ಇದೊಂದೇ. ಅದಕ್ಕೂ ಒಂದು ಚೀಟಿ ಮತ್ತು ಹತ್ತಾರು ಫೋನಿನ ಬೆಲೆ ತೆರಬೇಕಾಯಿತು.

ಉಳಿದದ್ದು ಸಾಗಣೆ. ಸೋಮವಾರ, ಮಂಗಳವಾರ ಕಳಿಸಿದ್ದು ಸಲೀಸು. ಶುಕ್ರವಾರ ಕಳಿಸಿದರೆ ಭಾನುವಾರ ಯಾವುದೋ ಗೋದಾಮಿನಲ್ಲಿ ಬೆವರುತ್ತಾ ಕೂರುತ್ತದೆ. ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೊ’ ಬಂದ ಮೇಲೆ ಸಂಜೆ ಬಸ್ಸಿಗೆ ಹಾಕಿದರೆ ಮರುದಿನ ಬೆಳಿಗ್ಗೆ ನಿಲ್ದಾಣದಲ್ಲಿ ಸಿಗುತ್ತದೆ. ಆದರೆ ಗಿರಾಕಿಯೇ ಬಂದು ಒಯ್ಯಬೇಕು, ಅಪಾರ್ಟ್‌ಮೆಂಟಿನ ಬಾಗಿಲಿಗೇ ಬರಲಿ ಎನ್ನುವವರಿಗೆ ಅದು ಒಗ್ಗುವುದಿಲ್ಲ. ಕೆಲವು ಕಡೆ ಒಂದೇ ಅಪಾರ್ಟ್‌ಮೆಂಟಿನ ಹತ್ತು ಮನೆಯವರು ಸೇರಿ ಒಬ್ಬರ ಹೆಸರಿಗೆ ತರಿಸಿಕೊಳ್ಳುತ್ತಾರೆ. ಆ ಒಬ್ಬರು ಹಂಚಿ, ದುಡ್ಡು ಕೂಡಿಸಿ, ಕೆಟ್ಟದ್ದರ ತಕರಾರು ಕೇಳಿ, ತಮ್ಮ ಪಾಲಿಗೆ ಒಂದು ಪೆಟ್ಟಿಗೆ ಬಿಟ್ಟಿ ಪಡೆಯುತ್ತಾರೆ. ಅವರನ್ನು ಏನೆಂದು ಕರೆಯುವುದೋ! ದಲ್ಲಾಳಿ ಎಂದರೆ ಬೇಜಾರು ಮಾಡಿಕೊಂಡಾರು.

ಇಷ್ಟಾದ ಮೇಲೂ ಪೆಟ್ಟಿಗೆಗೆ ಹತ್ತದ ಕಾಯಿ ಉಳಿಯುತ್ತದೆ. ಲೆಕ್ಕಕ್ಕೆಂದು ನೂರು ಕಿಲೊ ಕೊಯ್ದರು ಎಂದಿಟ್ಟುಕೊಳ್ಳಿ. ಅಳಿಲು ಕಚ್ಚಿದ್ದು, ಕೊಂಬೆ ತೀಡಿ ಗಾಯವಾದದ್ದು, ತೊಟ್ಟು ಹೋದದ್ದು, ತೀರಾ ಸಣ್ಣದು ಎಲ್ಲ ತೆಗೆದರೆ ಎಪ್ಪತ್ತು ಕಿಲೊ ಪೆಟ್ಟಿಗೆಗೆ ಬಂದೀತು. ಪೆಟ್ಟಿಗೆಯದಕ್ಕೆ ಒಳ್ಳೆಯ ದರ ಸಿಕ್ಕರೂ ಮಿಕ್ಕ ಮೂವತ್ತಕ್ಕೆ ದಾರಿ ಕಾಣದಿದ್ದರೆ ಸರಾಸರಿ ಮಂಡಿಯ ದರದ ಕಡೆಗೆ ಇಳಿಯುತ್ತದೆ. ಅದರಿಂದ ರಟ್ಟು, ಟೇಪು, ಬಸ್ ಚಾರ್ಜು, ವಾಪಸು ಕೊಟ್ಟ ದುಡ್ಡು ಕಳೆಯಿರಿ. ಮನೆಮಂದಿಯ ಕೂಲಿಯನ್ನಂತೂ ಯಾರೂ ಬರೆಯುವುದೇ ಇಲ್ಲ. ಬರೆದರೆ ಎಷ್ಟೋ ‘ನೇರ ಮಾರಾಟದ ಯಶೋಗಾಥೆ’ಗಳು ಪೇಪರಿನಲ್ಲಿ ಬರುತ್ತಿರಲಿಲ್ಲ ಎಂಬುದು ನನ್ನ ಗುಮಾನಿ. ಮಡಿಕೇರಿ, ಕುಶಾಲನಗರದ ಜ್ಯೂಸ್ ಅಂಗಡಿಯವರಿಗೆ ರೂಪ ಮುಖ್ಯವಲ್ಲ. ಅಂಥ ಇಬ್ಬರು ಮೂವರು ಖಾಯಂ ಇದ್ದರೆ ಕುಟುಂಬ ಉಸಿರಾಡುತ್ತದೆ.

ಸುಂಟಿಕೊಪ್ಪದ ಕಡೆಯ ಆ ಮನೆಯಲ್ಲಿ ನೋಟ್‌ಬುಕ್ಕಿನ ಕೆಲಸ ಈಗ ಮುಂದಿನ ಹಂತಕ್ಕೆ ಹೋಗಿದೆ. ಎರಡು ಮೂರು ವರ್ಷ ಸತತವಾಗಿ ದೂರು ತಂದ ಮರಗಳ ತಲೆ ಕಡಿದು, ಚಿಗುರಿಗೆ ಒಳ್ಳೆಯ ಮರದ ಕಡ್ಡಿ ತಂದು ಕಸಿ ಕಟ್ಟುತ್ತಿದ್ದಾರೆ. ಕಡ್ಡಿಗಾಗಿ ದೂರ ಹೋಗಬೇಕಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಕೊಡಗಿನ ಚೆಟ್ಟಳ್ಳಿಯಲ್ಲೇ ಇದೆ, ಅಲ್ಲಿ ಆಯ್ದು ಬಿಡುಗಡೆ ಮಾಡಿದ ಅರ್ಕಾ ಸುಪ್ರೀಂ ತಳಿಗೆ ಬೇಡಿಕೆಯೂ ಇದೆ. ಆದರೆ ಈ ಮನೆಯವರು ಅದರ ಜೊತೆಗೆ ತಮ್ಮ ಇಪ್ಪತ್ತೆರಡನೇ ನಂಬರಿನ ಕಡ್ಡಿಯನ್ನೂ ಕಟ್ಟಿದ್ದಾರೆ. ಆ ಮರಕ್ಕೆ ಹೆಸರಿಲ್ಲ, ಬೆಂಗಳೂರಿನಲ್ಲಿ ಗಿರಾಕಿಗಳಿದ್ದಾರೆ. ಕಸಿ ಹಿಡಿದು ಫಸಲು ಬರಲು ಮೂರು ನಾಲ್ಕು ವರ್ಷ ಬೇಕು. ಎಲ್ಲ ಮರಗಳ ತಲೆಯನ್ನೂ ಒಂದೇ ಸಲ ಕಡಿದರೆ ಅಷ್ಟು ವರ್ಷ ಕೈ ಖಾಲಿ. ಆದ್ದರಿಂದ ವರ್ಷಕ್ಕೆ ಕೆಲವೇ ಮರಗಳು. ಸರದಿ ಬಾರದ ನಾರಿನ ಮರಗಳ ಕಾಯಿಗೆ ನಂಬರು ಬರೆಯುವುದಿಲ್ಲ. ಅವು ಈಗಲೂ ವಾರಕ್ಕೊಮ್ಮೆ ಗೇಟಿನ ಹತ್ತಿರ ಬಂದು ನಿಲ್ಲುವ ಏಜೆಂಟರ ಪಿಕಪ್ಪಿಗೇ ಹೋಗುತ್ತವೆ, ಕಮಿಷನ್ನೂ ಸೂಟೂ ಮುರಿದುಕೊಂಡು.